ವೃದ್ಧಾಶ್ರಮದ ಹಿರಿಯರಿಗೆ ಹಾಡು, ಆಟ, ಮನರಂಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿ ಮತ್ತು ಅದರ ಸುತ್ತಲಿನ ಠಾಣೆ, ಪನ್ವೇಲ್, ವಸಾಯಿ ಕಡೆಯ ವೃದ್ಧಾಶ್ರಮಗಳಲ್ಲಿರುವ ಕನ್ನಡದ ಹಿರಿಯರನ್ನು ಕಂಡುಬರಲು ನಾವು ಕೆಲವರು ಭಾನುವಾರಗಳಂದು ಹೋಗುವುದುಂಟು. ಅವರ ಮಕ್ಕಳು, ಸೊಸೆಯಂದಿರು, ಆಶ್ರಮದ ಸಿಬ್ಬಂದಿ, ಹಾಡಲು ಬರುವ ಭಜನಾ ಮಂಡಳಿಯವರು ಮಾತಿನ ನಡುವೆಯೂ ಪತ್ರಗಳಲ್ಲೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಸರಳವಾದವುಗಳಿಂದ ಕಠಿಣವಾದವುಗಳ ಕಡೆಗೆ ಸಾಗುವಂತೆ ಇಲ್ಲಿ ಉತ್ತರಿಸಿದ್ದೇನೆ.

## ಆರಂಭದ ಪ್ರಶ್ನೆಗಳು

ವಯಸ್ಸಾದವರಲ್ಲವೇ, ಭಜನೆ ಹಾಕಿದರೆ ಸಾಲದೇ?

ಭಜನೆ ಬೇಕೆನ್ನುವವರಿಗೆ ಸಾಕು, ಎಲ್ಲರಿಗೂ ಸಾಲದು. ಎಪ್ಪತ್ತು ದಾಟಿದ ಕೂಡಲೇ ಮನುಷ್ಯನ ಅಭಿರುಚಿಯೆಲ್ಲ ದೇವರ ಕಡೆಗೆ ತಿರುಗಿಬಿಡುತ್ತದೆ ಎಂಬುದು ಮಕ್ಕಳು ಮಾಡಿಕೊಂಡ ಊಹೆ. ನಾನೂ ಈ ತಪ್ಪು ಮಾಡಿದ್ದೇನೆ. ಫೋರ್ಟ್ ಪರಿಸರದ ಹೋಟೆಲುಗಳಲ್ಲಿ ನಲವತ್ತು ವರ್ಷ ದುಡಿದು ಈಗ ಹಾಸಿಗೆ ಹಿಡಿದಿದ್ದ ಹಿರಿಯರೊಬ್ಬರ ಬಳಿ ಕುಳಿತು ನಾಲ್ಕು ವಾರ ಬಿಡದೆ ದಾಸರ ಪದಗಳನ್ನು ಹಾಕಿದೆ. ಪ್ರತಿ ಸಲವೂ ಅವರು ಗೋಡೆಯ ಕಡೆಗೆ ಮಗ್ಗುಲಾಗುತ್ತಿದ್ದರು, ನಿದ್ದೆ ಬಂತೆಂದು ನಾನು ತಿಳಿದುಕೊಂಡೆ. ಐದನೆಯ ವಾರ ಪಕ್ಕದ ಮಂಚದವರ ರೇಡಿಯೊದಲ್ಲಿ 1950ರ ದಶಕದ ಹಿಂದಿ ಚಿತ್ರಗೀತೆಯೊಂದು ಬಂದಾಗ, ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿದ್ದ ಅವರ ಬಲಗೈಯ ಎರಡು ಬೆರಳುಗಳು ಎದ್ದು, ಗಲ್ಲಾದ ಮೇಲೆ ಚಿಲ್ಲರೆ ಎಣಿಸುವವರಂತೆ, ಮಂಚದ ಕಬ್ಬಿಣದ ಪಟ್ಟಿಯ ಮೇಲೆ ಒಂದು ಪೆಟ್ಟೂ ತಪ್ಪದೆ ತಾಳ ಹಾಕತೊಡಗಿದವು. ಹೋಟೆಲಿನ ಬಾಗಿಲು ಎಳೆದು, ಪಾತ್ರೆ ತೊಳೆದು, ಮೇಜುಗಳನ್ನು ಜೋಡಿಸಿ ಅದರ ಮೇಲೆ ಮಲಗುವ ಹೊತ್ತಿಗೆ ಕೇಳುತ್ತಿದ್ದ ಹಾಡುಗಳವು ಎಂದು ಆಮೇಲೆ ಅವರ ತಮ್ಮನಿಂದ ತಿಳಿಯಿತು. ಹಾಡನ್ನು ಆರಿಸುವ ಮೊದಲು ಆ ವ್ಯಕ್ತಿ ನಡೆದುಬಂದ ದಾರಿಯನ್ನು ವಿಚಾರಿಸಬೇಕು. ಮುಂದಿನ ಉತ್ತರಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ಹಳೆಯ ಹಾಡು ಎಂದರೆ ಎಷ್ಟು ಹಳೆಯದು?

ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಕಂಡು ಕೇಳಿದ್ದು ಮುದಿತನದಲ್ಲಿ ಹೆಚ್ಚು ಸ್ಪಷ್ಟವಾಗಿ ಉಳಿದಿರುತ್ತದೆ ಎಂಬುದನ್ನು ನೆನಪಿನ ಅಧ್ಯಯನ ಮಾಡಿದವರು ಮತ್ತೆ ಮತ್ತೆ ಗುರುತಿಸಿದ್ದಾರೆ. ಆದ್ದರಿಂದ ಹುಟ್ಟಿದ ವರ್ಷಕ್ಕೆ ಹತ್ತನ್ನೂ ಮೂವತ್ತನ್ನೂ ಕೂಡಿಸಿ ನೋಡಿ. 1942ರಲ್ಲಿ ಹುಟ್ಟಿದವರಿಗೆ 1952ರಿಂದ 1972ರವರೆಗಿನ ಕಾಲ ಮುಖ್ಯ. ಆ ಕಾಲದಲ್ಲಿ ಅವರ ಕಿವಿಗೆ ಏನು ಬೀಳುತ್ತಿತ್ತು ಎಂಬುದು ಮುಂದಿನ ಪ್ರಶ್ನೆ. 1950ರ ದಶಕದ ಆರಂಭದಲ್ಲಿ ಆಕಾಶವಾಣಿ ಚಿತ್ರಗೀತೆಗಳನ್ನು ಬಹುಮಟ್ಟಿಗೆ ಕೈಬಿಟ್ಟಿದ್ದರಿಂದ ಜನ ರೇಡಿಯೊ ಸಿಲೋನಿನ ಕಡೆಗೆ ತಿರುಗಿದರು. ಅಲ್ಲಿ 1952ರಲ್ಲಿ ಆರಂಭವಾದ, ಅಮೀನ್ ಸಯಾನಿಯವರು ನಡೆಸಿಕೊಡುತ್ತಿದ್ದ ಬಿನಾಕಾ ಗೀತಮಾಲಾ ಬುಧವಾರದ ಸಂಜೆಗಳನ್ನು ಆಳಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಬಂದ ಮೇಲೆಯೇ ಚಿತ್ರಗೀತೆಗಳು ಆಕಾಶವಾಣಿಗೆ ಮರಳಿದವು. ಹದಿನಾರರ ವಯಸ್ಸಿನಲ್ಲಿ ಮುಂಬಯಿಗೆ ಬಂದು ಹಗಲು ಕ್ಯಾಂಟೀನಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದ ಹುಡುಗನ ಯೌವನಕ್ಕೆ ಈ ಹಿಂದಿ ಹಾಡುಗಳೇ ಹಿನ್ನೆಲೆ. ಅದೇ ವರ್ಷಗಳಲ್ಲಿ ಕರಾವಳಿಯ ಹಳ್ಳಿಯಲ್ಲೇ ಉಳಿದಿದ್ದ ಅವನ ಹೆಂಡತಿಗಾದರೋ ಮಂಗಳೂರು ಆಕಾಶವಾಣಿ ದೊರೆತದ್ದು 1976ರಲ್ಲಿ. ಆಕೆಯ ಯೌವನದ ಸಂಗೀತವೆಂದರೆ ಭಜನಾ ಮಂದಿರ, ಗದ್ದೆಯ ಕೆಲಸದ ಹಾಡು, ಬೇಸಗೆಯ ಮೇಳದಾಟ. ಒಂದೇ ಮನೆಯ ಗಂಡ ಹೆಂಡತಿಗೆ ಬೇರೆ ಬೇರೆ ಪಟ್ಟಿ ಬೇಕಾಗುವುದು ಹೀಗೆ.

ಇನ್ನೊಂದು ಎಚ್ಚರಿಕೆಯೂ ಉಂಟು. ಸ್ವಯಂಸೇವಕರಿಗೆ ಹಳೆಯದೆನ್ನಿಸುವ ಭಾವಗೀತೆಗಳ ಕ್ಯಾಸೆಟ್ಟುಗಳು ಬಂದದ್ದು 1970ರ ದಶಕದ ಕೊನೆಯಲ್ಲಿ. ಆಗ ಈ ಹಿರಿಯರು ಮಕ್ಕಳ ಶಾಲೆಯ ಶುಲ್ಕದ ಚಿಂತೆಯಲ್ಲಿದ್ದವರು. ಅವು ಅವರಿಗೆ ಇಷ್ಟವಾಗಬಹುದು, ಆದರೆ ಆಳದ ನೆನಪಿನ ಹಾಡುಗಳು ಅವೇ ಎಂದು ಮೊದಲೇ ತೀರ್ಮಾನಿಸಬಾರದು.

ಅಮ್ಮನಿಗೆ ಯಾವ ಹಾಡು ಇಷ್ಟವೆಂದು ನನಗೇ ಗೊತ್ತಿಲ್ಲ. ಕೇಳಿದರೆ "ಯಾವುದಾದರೂ ಆದೀತು" ಎನ್ನುತ್ತಾರೆ. ಹೇಗೆ ತಿಳಿಯುವುದು?

ನಮ್ಮ ಕಡೆಯ ತಾಯಂದಿರು ತಮ್ಮ ಇಷ್ಟವನ್ನು ನೇರವಾಗಿ ಹೇಳಿಕೊಂಡು ರೂಢಿಯವರಲ್ಲ. ನೇರ ಪ್ರಶ್ನೆ ಬಿಟ್ಟು ಬದುಕಿನ ಸುತ್ತ ಕೇಳಿ: ನಿಮ್ಮ ಮದುವೆಯಲ್ಲಿ ಹಾಡು ಹೇಳಿದವರು ಯಾರು, ಊರ ಜಾತ್ರೆಗೆ ಯಾವ ನಾಟಕ ಕಂಪನಿ ಬರುತ್ತಿತ್ತು, ಚಾಳಿನಲ್ಲಿ ಮೊದಲು ರೇಡಿಯೊ ತಂದವರು ಯಾರು, ಮಗುವನ್ನು ಮಲಗಿಸುವಾಗ ಏನು ಗುನುಗುತ್ತಿದ್ದಿರಿ. ಅಮ್ಮನ ತಂಗಿಯರನ್ನೂ ಹಳೆಯ ನೆರೆಯವರನ್ನೂ ವಿಚಾರಿಸಿ. ಬಳಿಕ ಆರೇಳು ಹಾಡುಗಳನ್ನು ಒಂದೊಂದಾಗಿ ಹಾಕಿ, ಮುಖವನ್ನಷ್ಟೇ ನೋಡದೆ ತುಟಿ, ಪಾದ, ಬೆರಳು, ಉಸಿರು ಇವನ್ನು ಗಮನಿಸಿ. ಸೆರಗನ್ನು ಹಿಂಡುವುದು, ಹೊದಿಕೆ ಎಳೆಯುವುದು, ಕಣ್ಣು ಬಾಗಿಲ ಕಡೆಗೆ ಹೋಗುವುದು ಬೇಡವೆಂಬುದರ ಗುರುತು.

ತಿಳಿದದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ಕನ್ನಡದಲ್ಲಷ್ಟೇ ಬರೆದರೆ ಸಾಲದು, ಪಾಳಿಯಲ್ಲಿರುವ ಮಾವಶಿ, ಅಂದರೆ ಆರೈಕೆಯ ಹೆಂಗಸು, ಓದುವುದು ಮರಾಠಿ. ಬೇಡದ ಹಾಡುಗಳಿಗೂ ಅದೇ ಹಾಳೆಯಲ್ಲಿ ಜಾಗವಿರಲಿ.

ನಮ್ಮ ತಂದೆಗೆ ಹಾಡಿನ ಗೊಡವೆಯೇ ಇರಲಿಲ್ಲ. ಅಂಥವರಿಗೆ ಏನು ಮಾಡಬೇಕು?

ಹಾಡನ್ನು ಒತ್ತಾಯಿಸಬೇಡಿ. ದಿನವೂ ಬೆಳಿಗ್ಗೆ ಕನ್ನಡ ಪತ್ರಿಕೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳುವವರೊಬ್ಬರು ಸಿಕ್ಕರೆ ಅನೇಕ ಗಂಡಸರಿಗೆ ಅದಕ್ಕಿಂತ ದೊಡ್ಡ ಮನರಂಜನೆ ಬೇಕಿಲ್ಲ. ಇಸ್ಪೀಟು, ಚೌಕಾಬಾರ, ಕರಾವಳಿಯವರಿಗೆ ಚೆನ್ನೆಮಣೆ ಒಳ್ಳೆಯವು. ಚೆನ್ನೆಮಣೆಯನ್ನು ಆಟಿ ತಿಂಗಳ ಮಳೆಯಲ್ಲಿ ಆಡುವ ರೂಢಿಯಿದ್ದುದರಿಂದ ಹೊರಗೆ ಮಳೆ ಸುರಿಯುವ ದಿನ ಮಣೆ ತೆಗೆದರೆ ಅದರ ಸೊಗಸೇ ಬೇರೆ. ಬೆರಳು ನಡುಗುವವರಿಗೆ ಸಣ್ಣ ಕಾಯಿಗಳ ಬದಲು ಹುಣಸೆ ಬೀಜಕ್ಕಿಂತ ದೊಡ್ಡದಾದ, ಹಿಡಿತಕ್ಕೆ ಸಿಗುವ ಕಾಯಿಗಳನ್ನು ಕೊಡಿ. ಆದರೆ ಮರೆವಿನಿಂದ ಕಂಡದ್ದನ್ನು ಬಾಯಿಗೆ ಹಾಕಿಕೊಳ್ಳುವವರ ಕೈಗೆ ಬಿಡಿ ಕಾಯಿಗಳು ಬೇಡ. ಹೂ ಕಟ್ಟುವುದು, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು ನೋಡುವವರಿಗೆ ಕೆಲಸದಂತೆ ಕಂಡರೂ, ಅರವತ್ತು ವರ್ಷ ಮನೆ ನಡೆಸಿದ ಹೆಂಗಸಿಗೆ ಕೈ ಖಾಲಿ ಇರುವುದಕ್ಕಿಂತ ಅದೇ ಹಿತ.

## ಭಾಷೆ ಮತ್ತು ಊರಿನ ಪ್ರಶ್ನೆಗಳು

ಆಶ್ರಮದಲ್ಲಿ ಉಳಿದವರೆಲ್ಲ ಮರಾಠಿಯವರು. ನಮ್ಮ ಅತ್ತೆಯವರೊಬ್ಬರಿಗಾಗಿ ಕನ್ನಡ ಹಾಡು ಹಾಕಿ ಎಂದು ಕೇಳುವುದು ಸರಿಯೇ?

ಖಂಡಿತ ಸರಿ, ಮತ್ತು ಬೇಗ ಕೇಳಬೇಕು. ಎರಡು ಮೂರು ಭಾಷೆ ಬಲ್ಲವರಿಗೆ ಮರೆವಿನ ಕಾಯಿಲೆ ಬಂದಾಗ ಅನೇಕರಲ್ಲಿ ನಂತರ ಕಲಿತ ಭಾಷೆ ಮೊದಲು ಸಡಿಲವಾಗುತ್ತದೆ. ಐವತ್ತು ವರ್ಷ ಸೊಗಸಾಗಿ ಮರಾಠಿ ಮಾತಾಡಿದವರು ಒಂದು ದಿನ ಕನ್ನಡದಲ್ಲಷ್ಟೇ ನೀರು ಕೇಳುತ್ತಾರೆ, ನೀರು ಕೊಡಬೇಕಾದವರಿಗೆ ಅದು ಅರ್ಥವಾಗುವುದಿಲ್ಲ. ಅಂಥವರಿಗೆ ದಿನದ ಅರ್ಧ ಗಂಟೆಯ ಕನ್ನಡ ಹಾಡು ಮನರಂಜನೆಗಿಂತ ದೊಡ್ಡದು, ತಾನು ಯಾರೆಂಬುದನ್ನು ಅದು ಹಿಡಿದು ನಿಲ್ಲಿಸುತ್ತದೆ.

ಎಲ್ಲರೂ ಕೂಡಿ ಕೇಳುವ ಹೊತ್ತಿಗೂ ದಾರಿಯಿದೆ. ಪಂಢರಪುರದ ವಿಠ್ಠಲ ಇಬ್ಬರಿಗೂ ಸೇರಿದವನು. ಮರಾಠಿಯ ಸಂತರು ಅವನನ್ನು ಕಾನಡಾ, ಅಂದರೆ ಕನ್ನಡದವನು, ಎಂದು ಕರೆದರು, ನಮ್ಮ ಪುರಂದರದಾಸರು ಅವನ ಹೆಸರನ್ನೇ ಅಂಕಿತವಾಗಿ ಇಟ್ಟುಕೊಂಡರು. ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರು ಮರಾಠಿ ಅಭಂಗಗಳನ್ನೂ ಕನ್ನಡ ದಾಸರ ಪದಗಳನ್ನೂ ಒಂದೇ ಎದೆಯಿಂದ ಹಾಡಿದವರು. ಒಂದು ಅಭಂಗ, ಒಂದು ದಾಸರ ಪದ ಎಂದು ಸರದಿಯಾಗಿ ಹಾಕಿದ ಕಡೆಗಳಲ್ಲಿ ಯಾರೂ ಬೇಸರಿಸಿದ್ದನ್ನು ನಾನು ಕಂಡಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಪ್ರಾಂತ್ಯದಲ್ಲೇ ಇದ್ದುದರಿಂದ ಆ ಕಡೆಯ ಅಜ್ಜಿಯರಿಗೆ ಮರಾಠಿ ನಾಟ್ಯಸಂಗೀತ ಬಾಲ್ಯದಿಂದಲೇ ಪರಿಚಿತ. ಪಕ್ಕದ ಮಂಚದ ಆಜಿಯೊಂದಿಗೆ ಸ್ನೇಹ ಬೆಳೆಯಲು ಇಷ್ಟೇ ಸಾಕಾಗುತ್ತದೆ.

ನಮ್ಮ ಮನೆಮಾತು ತುಳು. ಕನ್ನಡ ಹಾಡು ಹಾಕಿದರೆ ದೊಡ್ಡಮ್ಮನಿಗೆ ಸಾಕಾಗುತ್ತದೆಯೇ?

ಕನ್ನಡ ಅವರಿಗೆ ಶಾಲೆಯ, ದೇವಸ್ಥಾನದ, ಪತ್ರಿಕೆಯ ಭಾಷೆಯಾಗಿದ್ದರೆ ಭಜನೆ ಕನ್ನಡದಲ್ಲೇ ಇರಲಿ, ತಮಾಷೆಯೂ ಮಾತೂ ತುಳುವಿನಲ್ಲಿರಲಿ. ಕೊಂಕಣಿ ಮನೆಗಳಿಗೂ ಇದೇ ಮಾತು. ಒಂದು ಸೂಕ್ಷ್ಮ ಮಾತ್ರ ನೆನಪಿರಲಿ: ಪಾಡ್ದನಗಳೆಂಬ ತುಳು ಕಥನಗೀತೆಗಳಲ್ಲಿ ಗದ್ದೆಯಲ್ಲಿ ಹಾಡುವವೂ ಇವೆ, ದೈವದ ಕಟ್ಟುಕಟ್ಟಳೆಗೆ ಸೇರಿದವೂ ಇವೆ. ಎರಡನೆಯ ಬಗೆಯವನ್ನು ಮನರಂಜನೆಗೆಂದು ಹಾಕುವುದನ್ನು ಕೆಲವು ಹಿರಿಯರು ಒಪ್ಪುವುದಿಲ್ಲ, ಕೇಳಿಯೇ ಹಾಕಿ.

ಯಕ್ಷಗಾನ ಏರ್ಪಡಿಸಬೇಕೆಂದಿದೆ. ಚೆಂಡೆಯ ಸದ್ದು ಅವರಿಗೆ ಹೆಚ್ಚಾಗುವುದಿಲ್ಲವೇ?

ಮುಚ್ಚಿದ ಸಭಾಂಗಣದಲ್ಲಿ ಹೆಚ್ಚಾಗುತ್ತದೆ. ಬಯಲಿಗೆಂದು ಹುಟ್ಟಿದ ವಾದ್ಯ ಅದು. ಆದ್ದರಿಂದ ನಾನು ಮೊದಲು ಸೂಚಿಸುವುದು ತಾಳಮದ್ದಳೆಯನ್ನು: ವೇಷವಿಲ್ಲ, ಕುಣಿತವಿಲ್ಲ, ಹಾಡುವ ಭಾಗವತರು ಮತ್ತು ಪಾತ್ರಗಳಾಗಿ ಮಾತಾಡುವ ಇಬ್ಬರು ಅರ್ಥಧಾರಿಗಳು ಕುರ್ಚಿಯಲ್ಲಿ ಕುಳಿತರೆ ಆಯಿತು. ಮಾತೇ ಅದರ ಜೀವವಾದ್ದರಿಂದ ಮಾತಿನ ರುಚಿ ಬಲ್ಲ ಹಿರಿಯರು ಒಂದೊಂದು ತರ್ಕಕ್ಕೂ ತಲೆದೂಗುತ್ತಾರೆ. ಚೆಂಡೆಯನ್ನು ಆರಂಭದಲ್ಲಿ ಸ್ವಲ್ಪ ನುಡಿಸಿ ಬದಿಗಿಟ್ಟು ಮದ್ದಳೆಯಲ್ಲಿ ಮುಂದುವರಿಯಿರಿ. ಮಳೆಗಾಲದಲ್ಲಿ ಮೇಳಗಳ ತಿರುಗಾಟ ನಿಂತು ಊರಿನ ಕಲಾವಿದರು ಪ್ರದರ್ಶನಗಳಿಗಾಗಿ ಮುಂಬಯಿಗೆ ಬರುವುದು ಹಿಂದಿನಿಂದಲೂ ನಡೆದುಬಂದದ್ದು. ಆ ದಿನಗಳಲ್ಲಿ ಅವರನ್ನು ಒಂದು ಮಧ್ಯಾಹ್ನಕ್ಕೆ ಕೇಳಿಕೊಂಡರೆ ಸುಲಭವಾಗಿ ಒದಗುತ್ತಾರೆ.

ಪ್ರಸಂಗದಿಂದ ನಲವತ್ತು ನಿಮಿಷದ ಭಾಗವೊಂದನ್ನು ಆರಿಸಿ. ಪೂರ್ಣ ವೇಷದ ಆಟವೇ ಬೇಕೆಂದರೆ ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವುದನ್ನು ಹಿರಿಯರ ಎದುರಿಗೇ ಇಟ್ಟುಕೊಳ್ಳಿ. ಮರೆವಿರುವವರು ಬಣ್ಣದ ವೇಷ ಒಮ್ಮೆಲೇ ಎದುರಿಗೆ ಬಂದರೆ ಬೆದರುತ್ತಾರೆ, ಕಣ್ಣೆದುರೇ ಮನುಷ್ಯ ವೇಷವಾಗುವುದನ್ನು ಕಂಡರೆ ಆ ಅಂಜಿಕೆ ಕಡಿಮೆ. ಅಂಥದೊಂದು ದಿನ ಹಿರಿಯರೊಬ್ಬರು ಗಾಲಿಕುರ್ಚಿಯಿಂದ ಮುಂದಕ್ಕೆ ಬಾಗಿ, ಹುಡುಗನೊಬ್ಬ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದ ಸೀರೆಯ ನೆರಿಗೆ ಸಡಿಲವಾಗಿದೆಯೆಂದು ಸನ್ನೆಯಲ್ಲೇ ತೋರಿಸಿ, ಅದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದರು. ಎಳೆಯ ವಯಸ್ಸಿನಲ್ಲಿ ಅವರು ವೇಷ ಕಟ್ಟಿದವರೆಂಬುದು ಆಶ್ರಮದಲ್ಲಿ ಯಾರಿಗೂ ತಿಳಿದಿರಲಿಲ್ಲ.

## ದಿನನಿತ್ಯದ ವ್ಯವಸ್ಥೆ

ಹಾಲಿನಲ್ಲಿ ದಿನವಿಡೀ ಟಿವಿ ಓಡುತ್ತಿರುತ್ತದೆ. ಅದೂ ಮನರಂಜನೆಯೇ ತಾನೇ?

ಯಾರೂ ಆರಿಸದೆ, ಯಾರೂ ನಿಲ್ಲಿಸದೆ ಓಡುವ ಟಿವಿಯನ್ನು ನಾನು ಮನರಂಜನೆಯೆಂದು ಒಪ್ಪುವುದಿಲ್ಲ. ಅದು ಗದ್ದಲ. ಕಿವಿ ಮಂದವಾದವರಿಗೆ ಆ ಗದ್ದಲದ ನಡುವೆ ಎದುರಿನವರ ಮಾತು ಕೇಳುವುದೇ ಕಷ್ಟವಾಗಿ ಅವರು ಮೌನಕ್ಕೆ ಸರಿಯುತ್ತಾರೆ. ಮರೆವಿರುವವರು ಧಾರಾವಾಹಿಯ ಜಗಳವನ್ನೂ ಸುದ್ದಿಯ ಬೆಂಕಿಯನ್ನೂ ತಮ್ಮ ಕೋಣೆಯಲ್ಲೇ ನಡೆಯುತ್ತಿದೆ ಎಂದು ತಿಳಿದು ಹೆದರುವುದುಂಟು. ಇಂಥ ಹೊತ್ತಿಗೆ ಇಂಥ ಕಾರ್ಯಕ್ರಮ ಎಂದು ವಾರದ ಆರಂಭದಲ್ಲಿ ನಿವಾಸಿಗಳನ್ನೇ ಕೇಳಿ ಬರೆದಿಡಿ, ಉಳಿದ ವೇಳೆ ಟಿವಿ ನಿಲ್ಲಿಸಿಡಿ.

ದಿನಕ್ಕೆ ಎಷ್ಟು ಹೊತ್ತು, ಯಾವ ವೇಳೆಗೆ?

ಒಂದು ಸಲಕ್ಕೆ ಇಪ್ಪತ್ತರಿಂದ ಮೂವತ್ತು ನಿಮಿಷ, ಗುಂಪಿನಲ್ಲಾದರೆ ಹೆಚ್ಚೆಂದರೆ ನಲವತ್ತೈದು. ಸ್ನಾನ, ತಿಂಡಿ ಮುಗಿದ ಬೆಳಗಿನ ಹತ್ತರಿಂದ ಹನ್ನೊಂದರ ವೇಳೆ ಕೈತಾಳ, ಹಾಡುಗಾರಿಕೆ, ಆಟಗಳಿಗೆ ಒಳ್ಳೆಯದು. ಊಟ ಮಾಡುವಾಗ, ನುಂಗಲು ಕಷ್ಟಪಡುವವರು ಇರುವ ಕಡೆ, ಜತೆಗೂಡಿ ಹಾಡಬೇಕೆನ್ನಿಸುವ ಹಾಡು ಬೇಡ. ಅನ್ನ ಗಂಟಲಿಗೆ ಸಿಕ್ಕಿಕೊಂಡೀತು.

ಕಿವಿ ಸರಿಯಾಗಿ ಕೇಳುವುದಿಲ್ಲ. ಸದ್ದು ಜೋರು ಮಾಡಿದರೆ ಆಗುವುದಿಲ್ಲವೇ?

ಆಗುವುದಿಲ್ಲ. ವಯಸ್ಸಿನ ಕಿವುಡುತನ ಮೊದಲು ಎತ್ತರದ ಶ್ರುತಿಯ ಸದ್ದುಗಳನ್ನು ಕಸಿಯುತ್ತದೆ. ಸ, ಶ, ತ ಮುಂತಾದ ವ್ಯಂಜನಗಳು ಅಳಿಸಿಹೋಗಿ ಮಾತು ಕೇಳಿಸಿದರೂ ತಿಳಿಯದಂತಾಗುತ್ತದೆ. ಜೋರು ಮಾಡಿದಾಗ ಮೆಲ್ಲಗಿನದು ಕೇಳದ ಅದೇ ಕಿವಿಗೆ ಜೋರಿನದು ಒಮ್ಮೆಲೇ ಚುಚ್ಚುತ್ತದೆ. ಆದ್ದರಿಂದ ವಾದ್ಯಗಳ ಗುಂಪಿಗಿಂತ ಒಂದೇ ಕಂಠ, ಒಂದೆರಡು ವಾದ್ಯಗಳಿರುವ, ಪದಗಳು ಬಿಡಿಬಿಡಿಯಾಗಿ ಕೇಳುವ ಹಾಡನ್ನು ಆರಿಸಿ. ಧ್ವನಿವರ್ಧಕವನ್ನು ಕೋಣೆಯ ಮೂಲೆಯಲ್ಲಿಟ್ಟು ಏರಿಸುವ ಬದಲು ಹಿರಿಯರ ಹತ್ತಿರ ಇಟ್ಟು ಇಳಿಸಿ. ಫ್ಯಾನು, ಮಿಕ್ಸರ್, ಟಿವಿ ಆರಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಹಾಡು ನಡೆಯುವಾಗ ಪಕ್ಕದವರೊಡನೆ ಸಾಮಾನ್ಯ ದನಿಯಲ್ಲಿ ಮಾತಾಡಲು ಆಗದಿದ್ದರೆ ಸದ್ದು ಹೆಚ್ಚಾಗಿದೆ ಎಂದರ್ಥ. ಶ್ರವಣಯಂತ್ರದ ಮೇಲೆ ಹೆಡ್‌ಫೋನ್ ಮುಚ್ಚಿದರೆ ಕೆಲವು ಯಂತ್ರಗಳು ಸಿಳ್ಳೆ ಹಾಕುತ್ತವೆ. ಹಾಗಾದಾಗ ಯಂತ್ರ ತೆಗೆದು ಹೆಡ್‌ಫೋನ್ ಹಾಕಿ, ಇಲ್ಲವೇ ಯಂತ್ರವನ್ನು ಇಟ್ಟುಕೊಂಡು ಹೊರಗಿನ ಧ್ವನಿವರ್ಧಕದಲ್ಲಿ ಕೇಳಿಸಿ. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ವೈದ್ಯರಿಗೆ ತೋರಿಸುವುದನ್ನು ಬಹಳ ಮಂದಿ ಮರೆತೇಬಿಡುತ್ತಾರೆ.

ಮೊಬೈಲಿನಲ್ಲಿ ಯೂಟ್ಯೂಬ್ ಹಾಕಿಕೊಟ್ಟರೆ ಸಾಲದೇ?

ನೀವು ಪಕ್ಕದಲ್ಲಿದ್ದರೆ ಸಾಕು. ಇಲ್ಲದಿದ್ದರೆ ದಾಸರ ಪದದ ನಡುವೆ ಸಿಮೆಂಟಿನ ಜಾಹೀರಾತು ಅಬ್ಬರಿಸುತ್ತದೆ, ಹಾಡು ಮುಗಿದ ಮೇಲೆ ಯಾರೂ ಬಯಸದ ಮತ್ತೊಂದು ತಾನಾಗಿ ಆರಂಭವಾಗುತ್ತದೆ. ಹಾಡುಗಳನ್ನು ಪೆನ್ ಡ್ರೈವಿಗೆ ತುಂಬಿ, ದೊಡ್ಡ ಗುಂಡಿಗಳಿರುವ ರೇಡಿಯೊ ಆಕಾರದ ಸಾಧನಕ್ಕೆ ಹಾಕಿಕೊಡಿ, ಆರಂಭಿಸುವ ಗುಂಡಿಗೆ ಕೆಂಪು ಪಟ್ಟಿ ಅಂಟಿಸಿ. ರೇಡಿಯೊ ಬೇಕೆನ್ನುವವರಿಗೆ ಪ್ರಸಾರ ಭಾರತಿಯ ಆ್ಯಪಿನಲ್ಲಿ ಧಾರವಾಡ, ಮಂಗಳೂರು ಆಕಾಶವಾಣಿ ಕೇಂದ್ರಗಳು ಮುಂಬಯಿಯಲ್ಲೂ ದೊರೆಯುತ್ತವೆ. ಊರಿನ ಹವಾಮಾನ ವರದಿ ಕೇಳುವುದರಲ್ಲಿಯೇ ಸುಖವಿರುವವರನ್ನು ನಾನು ಬಲ್ಲೆ.

ನಮ್ಮ ಭಜನಾ ಮಂಡಳಿಯಿಂದ ಇಪ್ಪತ್ತು ಜನ ಬರಬೇಕೆಂದಿದ್ದೇವೆ. ಏನೇನು ಗಮನಿಸಬೇಕು?

ಇಪ್ಪತ್ತು ಜನ ಒಟ್ಟಿಗೆ ಬೇಡ, ಐದಾರು ಜನ ನಾಲ್ಕು ಸಲ ಬನ್ನಿ. ಮೈಕು ಬೇಡ. ವೇದಿಕೆಯ ಕಡೆಗೆ ಮುಖ ಮಾಡಿಸಿ ಸಾಲಾಗಿ ಕೂರಿಸುವ ಬದಲು ಅರ್ಧವೃತ್ತದಲ್ಲಿ ಕೂರಿಸಿ, ನಡುವೆ ನೀವು ಅವರ ಕಣ್ಣಿನ ಮಟ್ಟಕ್ಕೆ ಕುಳಿತು ಹಾಡಿ. ಹಾಡಬಲ್ಲವರ ಕೈಗೆ ತಾಳ ಕೊಡಿ. ನಿಮ್ಮ ಶ್ರುತಿಯನ್ನು ಎರಡು ಮನೆ ಇಳಿಸಿಕೊಳ್ಳಿ, ಮುಪ್ಪಿನ ಕಂಠಕ್ಕೆ ಎತ್ತರ ಎಟುಕುವುದಿಲ್ಲ.

ಆಮ್ಲಜನಕದ ಸಿಲಿಂಡರ್ ಇರುವ ಕೋಣೆಯಲ್ಲಿ ದೀಪ, ಕರ್ಪೂರ, ಊದುಬತ್ತಿ ಯಾವುದೂ ಕೂಡದು. ಇದರಲ್ಲಿ ರಿಯಾಯಿತಿಯೇ ಇಲ್ಲ. ಆರತಿಗೆ ಬ್ಯಾಟರಿಯ ದೀಪವನ್ನು ಬಳಸಿ, ದೇವರು ಒಪ್ಪಿಕೊಳ್ಳುತ್ತಾನೆ. ಪ್ರಸಾದವನ್ನು ನೇರವಾಗಿ ಹಂಚದೆ ಸಿಸ್ಟರ್ ಕೈಗೆ ಕೊಡಿ. ಯಾರಿಗೆ ಸಕ್ಕರೆ ಕೂಡದು, ಯಾರಿಗೆ ಲಾಡಿನ ಚೂರು ನುಂಗಲಾಗದು ಎಂಬುದು ಅವರಿಗೆ ಗೊತ್ತು. "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷಿಸುವುದನ್ನೂ, ಒಪ್ಪಿಗೆಯಿಲ್ಲದೆ ಫೋಟೊ ತೆಗೆದು ಹಂಚುವುದನ್ನೂ ದಯವಿಟ್ಟು ಮಾಡಬೇಡಿ. ಬರುತ್ತೇವೆಂದು ಹೇಳಿ ಬಾರದೆ ಇರುವುದು ಇವೆಲ್ಲಕ್ಕಿಂತ ಕೆಟ್ಟದ್ದು, ಬೆಳಿಗ್ಗೆಯೇ ಸೀರೆ ಬದಲಿಸಿ ಕಾದವರಿರುತ್ತಾರೆ.

ಮನರಂಜನೆ ನಮ್ಮ ಹೊಣೆಯಲ್ಲ ಎಂದು ಆಡಳಿತದವರು ಹೇಳಿದರು. ನಿಜವೇ?

ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಹಾಗೂ ಕಲ್ಯಾಣಕ್ಕಾಗಿ ಬಂದ 2007ರ ಕೇಂದ್ರ ಕಾಯ್ದೆಯ 19ನೆಯ ಕಲಮು, ನಿರ್ಗತಿಕ ಹಿರಿಯರಿಗಾಗಿ ಸ್ಥಾಪಿಸುವ ವೃದ್ಧಾಶ್ರಮಗಳ ನಿರ್ವಹಣೆಗೆ ರಾಜ್ಯ ಸರಕಾರವು ಯೋಜನೆ ರೂಪಿಸಬಹುದೆಂದು ಹೇಳುವಾಗ ವೈದ್ಯಕೀಯ ಆರೈಕೆಯ ಜತೆಗೇ ಮನರಂಜನೆಯ ಸಾಧನಗಳನ್ನೂ ಹೆಸರಿಸುತ್ತದೆ. ಖಾಸಗಿ ಆಶ್ರಮಗಳೊಂದಿಗೆ ಮಾತಾಡುವಾಗಲೂ ಈ ಮಾತನ್ನು ವಿನಯದಿಂದ ಮುಂದಿಡಬಹುದು.

## ಕಷ್ಟದ ಸನ್ನಿವೇಶಗಳು

ಮರೆವಿನ ಕಾಯಿಲೆಯವರಿಗೆ ಹಾಡು ಕೇಳಿಸಿದರೆ ನೆನಪು ಮರಳುತ್ತದಂತೆ, ಹೌದೇ?

ಕಾಯಿಲೆ ಹಿಂದೆ ಸರಿಯುವುದಿಲ್ಲ. ಮಗನ ಹೆಸರು ಮರೆತವರು ಹಾಡಿನ ಮೂರು ಚರಣಗಳನ್ನು ತಪ್ಪಿಲ್ಲದೆ ಹಾಡುವುದು ಸತ್ಯ. ಪರಿಚಿತ ಹಾಡಿನ ನೆನಪು ಬೇರೆ ನೆನಪುಗಳಿಗಿಂತ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಹಾಡು ಮುಗಿದ ಮೇಲೆ ಮಗನ ಹೆಸರು ಬಂದೇ ಬರುತ್ತದೆಂದು ಕಾದು ಕುಳಿತರೆ ಇಬ್ಬರಿಗೂ ನೋವು. ಈ ಬಗೆಯ ಪ್ರಯೋಗಗಳನ್ನೆಲ್ಲ ಒಟ್ಟು ಸೇರಿಸಿ ನೋಡಿದ 2018ರ ಕಾಕ್ರೇನ್ ವಿಮರ್ಶೆಯೂ ಕನಿಷ್ಠ ಐದು ಸಲ ನಡೆಸಿದ ಸಂಗೀತ ಚಿಕಿತ್ಸೆಯಿಂದ ಖಿನ್ನತೆಯ ಲಕ್ಷಣಗಳು ಬಹುಶಃ ಕಡಿಮೆಯಾಗುತ್ತವೆ, ಬುದ್ಧಿಶಕ್ತಿಯ ಮೇಲೆ ಮಾತ್ರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದೇ ಹೇಳಿತು. ಆ ಅರ್ಧ ಗಂಟೆಯ ನೆಮ್ಮದಿಯನ್ನೇ ಫಲವೆಂದು ಎಣಿಸಿ.

ಸಂಜೆಯಾದರೆ "ಮನೆಗೆ ಹೋಗಬೇಕು" ಎಂದು ಅಪ್ಪ ಬಾಗಿಲ ಬಳಿ ನಿಲ್ಲುತ್ತಾರೆ. ಹಾಡಿನಿಂದ ಉಪಯೋಗವಿದೆಯೇ?

ಇರಬಹುದು, ವೇಳೆ ಸರಿಯಾಗಿದ್ದರೆ. ಕಳವಳ ಏರಿದ ಮೇಲೆ ಹಾಕಿದ ಹಾಡು ಇನ್ನೊಂದು ಗದ್ದಲವಾಗುತ್ತದೆ. ಒಂದು ವಾರ ಯಾವ ಹೊತ್ತಿಗೆ ಆರಂಭವಾಗುತ್ತದೆಂದು ಬರೆದಿಡಿ. ಐದೂವರೆಗೆ ಎಂದಾದರೆ ಐದಕ್ಕೇ ಅವರ ಮೆಚ್ಚಿನ ನಿಧಾನದ ಹಾಡುಗಳನ್ನು ಆರಂಭಿಸಿ, ದೀಪ ಹಾಕಿ, ಪರದೆ ಎಳೆಯಿರಿ. ಸಂಜೆಯ ಹೊತ್ತು ಊರು ಬಿಟ್ಟು ಬಂದ ನೆನಪನ್ನು ಕೆದಕುವ ವಿರಹದ ಹಾಡುಗಳು ಬೇಡ. ಕಳವಳ ಹೊಸದಾಗಿ ಒಮ್ಮೆಲೇ ಬಂದಿದ್ದರೆ ಹಾಡಿಗಿಂತ ಮೊದಲು ವೈದ್ಯರನ್ನು ಕರೆಯಬೇಕು, ಮೂತ್ರದ ಸೋಂಕೂ ಹೀಗೆಯೇ ಕಾಣಿಸಿಕೊಳ್ಳುತ್ತದೆ.

ಹಾಡು ಕೇಳಿ ಅಳತೊಡಗಿದರೆ ನಿಲ್ಲಿಸಬೇಕೇ?

ಕೂಡಲೇ ನಿಲ್ಲಿಸಬೇಡಿ. ಪಕ್ಕಕ್ಕೆ ಹೋಗಿ ಕೈ ಹಿಡಿದು "ನಿಲ್ಲಿಸಲೇ, ಇರಲೇ" ಎಂದು ಕೇಳಿ. ಅನೇಕರು ಇರಲಿ ಎನ್ನುತ್ತಾರೆ. ಅಜ್ಜಿಯೊಬ್ಬರು ಸೋಬಾನೆ ಪದವೊಂದಕ್ಕೆ ಪ್ರತಿ ಸಲವೂ ಅಳುತ್ತಿದ್ದರು, ಪ್ರತಿ ಸಲವೂ ಅದನ್ನೇ ಕೇಳುತ್ತಿದ್ದರು. ತೀರಿಹೋದ ಮಗಳ ಮದುವೆಯಲ್ಲಿ ಹಾಡಿದ ಪದ ಅದು, ಆ ಅಳು ಅವರಿಗೆ ಬೇಕಾಗಿತ್ತು. ಉಸಿರು ಹೆಚ್ಚಿ, ಮೈ ಬಿಗಿದು, ಕಣ್ಣಿನಲ್ಲಿ ಭಯ ಕಂಡರೆ ಮಾತ್ರ ಮೆಲ್ಲನೆ ಇಳಿಸಿ ನಿಲ್ಲಿಸಿ, ಬೇಡದ ಹಾಡುಗಳ ಪಟ್ಟಿಗೆ ಸೇರಿಸಿ.

ಪಾರ್ಶ್ವವಾಯುವಾಗಿ ಮಾತು ನಿಂತವರು ಹಾಡಬಲ್ಲರು ಎನ್ನುತ್ತಾರೆ. ನಿಜವೇ?

ಕೆಲವರಲ್ಲಿ ನಿಜ. ಹೆಚ್ಚಿನವರಲ್ಲಿ ಮಾತಿನ ನೆಲೆ ಮೆದುಳಿನ ಎಡಭಾಗ, ಹಾಡಿಗೆ ಬಲಭಾಗವೂ ಕೈಜೋಡಿಸುತ್ತದೆ. ಹಾಗಾಗಿ ನಾಲಿಗೆಗೆ ರೂಢಿಯಾದ ಹಾಡಿನ ಪದಗಳು ಸರಾಗವಾಗಿ ಹೊರಬರಬಹುದು. ಅದನ್ನು ಮಾತಿನ ಕಡೆಗೆ ಒಯ್ಯುವ ವಿಧಾನಗಳನ್ನು ಬಲ್ಲ ವಾಕ್ ಚಿಕಿತ್ಸಕರನ್ನು ಕಾಣಿ.

ಗಣೇಶೋತ್ಸವದ ದಿನಗಳಲ್ಲಿ ಹೊರಗಿನ ಢೋಲ್ ತಾಷಾ ಸದ್ದಿಗೆ ಅಮ್ಮ ನಡುಗುತ್ತಾರೆ. ಏನು ಮಾಡುವುದು?

ಮುಂಬಯಿ, ಪುಣೆಗಳಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಮೆರವಣಿಗೆಯ ವೇಳೆಯನ್ನು ಮೊದಲೇ ತಿಳಿದುಕೊಂಡು ಬೀದಿಗೆ ದೂರವಾದ ಕೋಣೆಗೆ ಕರೆದೊಯ್ಯಿರಿ, ಕಿಟಕಿ ಮುಚ್ಚಿ, ಶ್ರವಣಯಂತ್ರವನ್ನು ಆ ಹೊತ್ತಿಗೆ ತೆಗೆದಿಡಿ, ಗಣಪತಿಯ ಮೆರವಣಿಗೆ ಹೋಗುತ್ತಿದೆ ಎಂದು ಮತ್ತೆ ಮತ್ತೆ ಹೇಳುತ್ತಾ ಪಕ್ಕದಲ್ಲೇ ಇರಿ. ಮಂಡಳದ ಕಾರ್ಯಕರ್ತರನ್ನು ಎರಡು ದಿನ ಮೊದಲು ಕಂಡು ಆಶ್ರಮದ ಎದುರಿನ ನೂರು ಹೆಜ್ಜೆಯಷ್ಟು ಬಾರಿಸುವುದನ್ನು ನಿಲ್ಲಿಸಿ ಎಂದು ಕೇಳಿದಾಗ ಒಪ್ಪಿದವರೇ ಹೆಚ್ಚು. ಒಂದು ಮಂಡಳದವರಂತೂ ಮೂರ್ತಿಯನ್ನು ಗೇಟಿನ ಮುಂದೆ ಎರಡು ನಿಮಿಷ ಮೌನವಾಗಿ ನಿಲ್ಲಿಸಿ ಹಿರಿಯರಿಗೆ ದರ್ಶನ ಮಾಡಿಸಿದರು. ಧ್ವನಿವರ್ಧಕಗಳಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ನಿರ್ಬಂಧವಿದೆ. ಹಬ್ಬದ ಕೆಲವು ದಿನಗಳಿಗೆ ಸರಕಾರ ನಡುರಾತ್ರಿಯವರೆಗೆ ವಿನಾಯಿತಿ ಕೊಡಬಹುದು.

ಒಂದೇ ಕೋಣೆಯಲ್ಲಿ ಇಬ್ಬರು. ಒಬ್ಬರಿಗೆ ಸುಪ್ರಭಾತ ಬೇಕು, ಇನ್ನೊಬ್ಬರು ಬೇಡವೆನ್ನುತ್ತಾರೆ.

ಬೇಡವೆನ್ನುವವರ ಮಾತು ಮೊದಲು. ಹಾಡು ಬೇಕಾದವರಿಗೆ ಹೆಡ್‌ಫೋನ್ ಕೊಡಬಹುದು, ಮೌನ ಬೇಕಾದವರಿಗೆ ಮೌನವನ್ನು ತಂದುಕೊಡುವ ಸಾಧನವಿಲ್ಲ. ಬೇರೆ ಧರ್ಮದವರೊಡನೆ ಕೋಣೆ ಹಂಚಿಕೊಂಡಿರುವಾಗ ಇದು ಇನ್ನಷ್ಟು ಮುಖ್ಯ.

ಆಶ್ರಮದ ಹಾಲಿನಲ್ಲಿ ಚಿತ್ರಗೀತೆ ಹಾಕಲು ಪರವಾನಗಿ ಬೇಕೇ?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮಿನಲ್ಲಿ ಇದಕ್ಕೊಂದು ವಿನಾಯಿತಿ ಇದೆ. ಹೋಟೆಲಿನಂಥ ವಾಣಿಜ್ಯ ಸಂಸ್ಥೆಯಲ್ಲದ ವಸತಿಯಲ್ಲಿ, ನಿವಾಸಿಗಳ ಸಾಮಾನ್ಯ ಬಳಕೆಯ ಮುಚ್ಚಿದ ಕೋಣೆ ಅಥವಾ ಸಭಾಂಗಣದಲ್ಲಿ, ಮುಖ್ಯವಾಗಿ ಅಲ್ಲಿನ ನಿವಾಸಿಗಳಿಗೆಂದೇ ಒದಗಿಸಿದ ಸೌಲಭ್ಯವಾಗಿ ಧ್ವನಿಮುದ್ರಿಕೆ ಕೇಳಿಸಿದರೆ ಅದು ಉಲ್ಲಂಘನೆಯಾಗುವುದಿಲ್ಲ. ಹವ್ಯಾಸಿ ಸಂಘದವರು ಹಣ ತೆಗೆದುಕೊಳ್ಳದೆ ಹಾಡಿ ಆಡಿ ತೋರಿಸುವುದಕ್ಕೂ ಪ್ರತ್ಯೇಕ ವಿನಾಯಿತಿ ಇದೆ. ಲಾಭಕ್ಕಾಗಿ ನಡೆಯುವ ದುಬಾರಿ ಶುಶ್ರೂಷಾ ಗೃಹಗಳು ವಕೀಲರನ್ನು ಕೇಳುವುದು ಕ್ಷೇಮ. ಟಿಕೆಟ್ ಇಟ್ಟು ನಿಧಿ ಸಂಗ್ರಹಕ್ಕೆ ಹೊರಗಿನವರಿಗೆ ಕಾರ್ಯಕ್ರಮ ಮಾಡಿದರೆ ಪರವಾನಗಿ ಪಡೆಯಬೇಕು.

ಕೊನೆಯ ದಿನಗಳಲ್ಲಿ ಏನು ಕೇಳಿಸಬೇಕು? ಅವರಿಗೆ ಕೇಳುತ್ತದೆಯೇ?

ಪ್ರತಿಕ್ರಿಯೆ ನಿಂತ ಮೇಲೂ ಕೆಲವರ ಮೆದುಳು ಸದ್ದಿಗೆ ಸ್ಪಂದಿಸುತ್ತಿರುತ್ತದೆ ಎಂಬುದನ್ನು 2020ರಲ್ಲಿ ಕೆನಡಾದಲ್ಲಿ ಮೆದುಳಿನ ವಿದ್ಯುತ್ ಸ್ಪಂದನಗಳನ್ನು ದಾಖಲಿಸಿದ ಅಧ್ಯಯನವೊಂದು ತೋರಿಸಿದೆ. ಆದ್ದರಿಂದ ಕೇಳುತ್ತಿದೆಯೆಂದೇ ತಿಳಿದು ನಡೆದುಕೊಳ್ಳಿ. ಸದ್ದು ಬಹಳ ಕಡಿಮೆಯಿರಲಿ. ಒಂದು ಹಾಡು, ಬಳಿಕ ದೀರ್ಘ ಬಿಡುವು. ವಿಷ್ಣು ಸಹಸ್ರನಾಮವೋ ವಚನವೋ ಚಿತ್ರಗೀತೆಯೋ ಎಂದು ಮಂಚದ ಪಕ್ಕದಲ್ಲಿ ಅಣ್ಣತಮ್ಮಂದಿರು ಚರ್ಚೆ ಮಾಡುವಂತಾಗಬಾರದು. ಕಪಾಟಿನ ಬಾಗಿಲಿನ ಹಾಳೆಯಲ್ಲಿ ಈ ಸಾಲನ್ನೂ ಹಿರಿಯರ ಬಾಯಿಂದಲೇ ಕೇಳಿ ಮೊದಲೇ ಬರೆದಿಡಿ.

ಹುನಗುಂದದ ಕಡೆಯ ತಾಯಿಯೊಬ್ಬರ ಕೊನೆಯ ಮಧ್ಯಾಹ್ನ ಅವರ ಮಗಳು ಹಾಡಿನ ಯಂತ್ರವನ್ನು ನಿಲ್ಲಿಸಿ, ತಾಯಿ ಜೋಳ ಬೀಸುವಾಗ ಹಾಡುತ್ತಿದ್ದ ಪದವನ್ನು ಅರ್ಧ ನೆನಪಿನಲ್ಲಿ, ನಡುನಡುವೆ ಮಾತು ತಪ್ಪುತ್ತಾ ಗುನುಗಿದರು. ಆ ಪದದ ಧ್ವನಿಮುದ್ರಣ ಎಲ್ಲಿ ಹುಡುಕಿದರೂ ಸಿಕ್ಕಿರಲಿಲ್ಲ. ಇಂಥ ಮನೆಯ ಹಾಡುಗಳನ್ನು ಹಿರಿಯರು ಹಾಡಬಲ್ಲ ದಿನಗಳಲ್ಲೇ, ಅವರನ್ನು ಕೇಳಿ, ಫ್ಯಾನು ಆರಿಸಿ, ಮೊಬೈಲನ್ನು ಒಂದು ಗೇಣು ದೂರದಲ್ಲಿಟ್ಟು ಮುದ್ರಿಸಿಕೊಳ್ಳಿ. ಅದರ ಒಂದು ಪ್ರತಿ ಆಶ್ರಮದ ಪೆನ್ ಡ್ರೈವಿನಲ್ಲಿಯೂ ಇರಲಿ.